ಡಿಸ್ಕಿನೊಳಗಿನ ತಾಳಮದ್ದಳೆ

ಮಂಗಳೂರಿನ ಜೆಪ್ಪುವಿನಲ್ಲಿ ಕಂಪ್ಯೂಟರ್ ಕೆಡುವುದಕ್ಕೂ ಒಂದು ಕಾಲ ಉಂಟು. ಮೇ ತಿಂಗಳಲ್ಲಿ ಘಟ್ಟದ ಕಡೆಯಿಂದ ಮೋಡ ಇಳಿದು ಸಂಜೆ ಹೊತ್ತಿಗೆ ಮೊದಲ ಗುಡುಗು ಕೇಳಿತೆಂದರೆ ಮಂಗಳಾದೇವಿಯಿಂದ ಮೋರ್ಗನ್ಸ್ ಗೇಟಿನವರೆಗೆ ಮನೆಮನೆಯಲ್ಲೂ ಪ್ಲಗ್ ಕೀಳುವ ಗಡಿಬಿಡಿ. ಟಿವಿ, ಫ್ರಿಜ್ಜು, ಮಿಕ್ಸಿ ಎಲ್ಲ ನೆನಪಾಗುತ್ತವೆ. ಇಂಟರ್‌ನೆಟ್ಟಿನ ಡಬ್ಬಿಯಿಂದ ಕಂಪ್ಯೂಟರಿಗೆ ಬರುವ ತಂತಿ ಮಾತ್ರ ಹೆಚ್ಚಿನವರಿಗೆ ನೆನಪಾಗುವುದಿಲ್ಲ. ಸಿಡಿಲು ಅದರಲ್ಲಿಯೂ ಬರುತ್ತದೆ. ಮರುದಿನ ರಿಪೇರಿ ಅಂಗಡಿಗಳ ಮೇಜಿನ ಮೇಲೆ ಸುಟ್ಟ ಬೋರ್ಡುಗಳ ಸಾಲು. ಜೂನ್ ಬಂದ ಮೇಲೆ ಕೆಡುವ ರೀತಿಯೇ ಬೇರೆ. ಆಗ ಗಾಳಿಯಲ್ಲಿ ನೀರು, ನೀರಿನಲ್ಲಿ ಉಪ್ಪು. ಕರೆಂಟು ಹೋಗಿ ಬರುವ ಆಟ ದಿನಕ್ಕೆ ಎಷ್ಟು ಸಲವೆಂದು ಯಾರೂ ಲೆಕ್ಕ ಇಡುವುದಿಲ್ಲ. ಸಿಡಿಲಿಗೆ ಒಮ್ಮೆಲೇ ಸಾಯುವ ಯಂತ್ರಕ್ಕಿಂತ ಮಳೆಗಾಲದಲ್ಲಿ ಒಳಗಿಂದೊಳಗೆ ಕೊಳೆಯುವ ಯಂತ್ರವೇ ನನ್ನನ್ನು ಹೆಚ್ಚು ಕಾಡಿದೆ. ಸುಟ್ಟದ್ದು ಕಣ್ಣಿಗೆ ಕಾಣುತ್ತದೆ. ಕೊಳೆತದ್ದು ಬೇಕಾದಾಗ ತೆರೆದರೆ ಮಾತ್ರ ಗೊತ್ತಾಗುವುದು.

ಹಾರ್ಡ್ ಡಿಸ್ಕಿನ ಒಳಗೇನಿದೆ ಎಂದು ತಿಳಿದವರಿಗೆ ಅದರ ಮೇಲೆ ಒಂದು ಗೌರವ ಬರದೆ ಇರುವುದಿಲ್ಲ. 1956ರಲ್ಲಿ ಐಬಿಎಂ ಕಂಪೆನಿ ಹೊರತಂದ ಮೊದಲ ಡಿಸ್ಕಿನಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದವು. ಅಷ್ಟಕ್ಕೂ ಸೇರಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಇಂದು ಅಂಗೈಯಲ್ಲಿ ಹಿಡಿಸುವ ಡಿಸ್ಕಿನಲ್ಲಿ ಅದರ ಲಕ್ಷಾಂತರ ಪಟ್ಟು ತುಂಬುತ್ತದೆ. ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತಿರುವಾಗ ಓದುವ ತಲೆ ಅದರ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ನಮ್ಮ ಕೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೋಮೀಟರ್. ಡಿಸ್ಕಿಗೆ ಪೂರ್ತಿ ಬೆಸುಗೆ ಹಾಕಿದೆಯೆಂದು ಹಲವರ ನಂಬಿಕೆ. ಹೀಲಿಯಂ ತುಂಬಿದ ದೊಡ್ಡ ಡಿಸ್ಕುಗಳನ್ನು ಬಿಟ್ಟರೆ, ಉಳಿದವುಗಳಲ್ಲಿ ಗಾಳಿಯ ಒತ್ತಡ ಸಮ ಮಾಡಲು ಒಂದು ಸಣ್ಣ ತೂತು, ಅದರ ಹಿಂದೆ ಒಂದು ಸೋಸುಕ ಇರುತ್ತದೆ. ಧೂಳನ್ನು ಅದು ತಡೆಯುತ್ತದೆ, ನಮ್ಮ ಜುಲೈ ತಿಂಗಳ ತೇವವನ್ನು ಪೂರಾ ತಡೆಯಲಾರದು. ಹೊರಗಿನ ಬೋರ್ಡಿಗೂ ಒಳಗಿನ ತಲೆಗೂ ಸಂಪರ್ಕ ಕೊಡುವ ತಾಮ್ರದ ಬಿಂದುಗಳ ಮೇಲೆ ಕಪ್ಪು ಕಟ್ಟಿದ್ದನ್ನು ಕಡಲ ಬದಿಯ ಊರಿನ ಡಿಸ್ಕುಗಳಲ್ಲಿ ನಾನು ಎಷ್ಟೋ ಸಲ ನೋಡಿದ್ದೇನೆ.

ನಮ್ಮ ಓಣಿಯ ಕೊನೆಯಲ್ಲಿ ನಿವೃತ್ತ ಮಾಷ್ಟ್ರು ಒಬ್ಬರಿದ್ದಾರೆ. ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಆ ತಾಳಮದ್ದಳೆಯೆಂದರೆ ಅವರಿಗೆ ಪ್ರಾಣ. ಟೇಪ್ ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು ಸುರತ್ಕಲ್ಲಿನಿಂದ ಕುಂಬಳೆಯವರೆಗೆ ಕೂಟ ನಡೆದಲ್ಲೆಲ್ಲ ಹೋಗಿ ಮುಂದಿನ ಸಾಲಿನಲ್ಲಿ ಕೂತು ರೆಕಾರ್ಡ್ ಮಾಡಿದವರು. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು ಕೂಟದಲ್ಲಿ ಆಡಿದ ಮಾತು, ಅಂದರೆ ಅವರ ಅರ್ಥವೂ ಮಾಷ್ಟ್ರ ಸಂಗ್ರಹದಲ್ಲಿ ಉಂಟು. ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯತೊಡಗಿದಾಗ ಸಂಬಂಧಿ ಹುಡುಗನೊಬ್ಬ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ ಒಂದು ಹೊರಗಿನ ಡಿಸ್ಕಿನಲ್ಲಿ ತುಂಬಿಕೊಟ್ಟ. ಡಿಸ್ಕನ್ನು ಟಿವಿಗೆ ಸಿಕ್ಕಿಸಿ ರಾತ್ರಿಯೂಟದ ನಂತರ ಕೇಳುವುದು ಮಾಷ್ಟ್ರ ಕ್ರಮ. ಒಂದು ಮಳೆಗಾಲದಲ್ಲಿ ಟಿವಿ ಆ ಡಿಸ್ಕನ್ನು ಗುರುತಿಸಲೇ ಇಲ್ಲ. ಲ್ಯಾಪ್‌ಟಾಪಿಗೆ ಹಾಕಿದರೆ ಬಂದದ್ದು ಒಂದು ಪ್ರಶ್ನೆ.

"ಫಾರ್ಮ್ಯಾಟ್ ಮಾಡ್ಬೇಕಾ ಅಂತ ಕೇಳ್ತದೆ ಮಾರಾಯ್ರೆ, ಎಂತ ಹೇಳುದು?" ಎಂದು ಫೋನಿನಲ್ಲಿ ಕೇಳಿದರು.

"ಎಂತದೂ ಒತ್ಬೇಡಿ ಮಾಷ್ಟ್ರೆ. ವಯರ್ ತೆಗೀರಿ, ಅದನ್ನು ಹಾಗೇ ಇಡಿ. ನಾನು ಬರ್ತೇನೆ."

ಆ ಪ್ರಶ್ನೆಯನ್ನು ಬರೆದವರ ಮೇಲೆ ನನಗೆ ಇಂದಿಗೂ ಸಿಟ್ಟುಂಟು. ಡಿಸ್ಕಿನ ಮೊದಲ ಪುಟಗಳು ತನಗೆ ಓದಲು ಬರುತ್ತಿಲ್ಲ ಎಂಬುದಷ್ಟೇ ಕಂಪ್ಯೂಟರಿಗೆ ಗೊತ್ತಿರುವುದು. ಅಷ್ಟನ್ನು ಹೇಳುವ ಬದಲು, ಎಲ್ಲವನ್ನೂ ಹೊಸದಾಗಿ ಶುರುಮಾಡಲೇ ಎಂದು ಅದು ಕೇಳುತ್ತದೆ. ಗಾಬರಿಯಲ್ಲಿ ಇರುವವರು ಹೂಂ ಅಂದುಬಿಡುತ್ತಾರೆ. ಹಾಗೆ ಹೇಳಿದ ಮೇಲೂ ಒಳಗಿನದ್ದು ಬಹುಪಾಲು ಉಳಿದಿರಬಹುದು, ಆದರೆ ಯಾವುದು ಎಲ್ಲಿದೆಯೆಂಬ ಸೂಚಿ ಹೋಗುತ್ತದೆ. ಪೂರ್ತಿ ಫಾರ್ಮ್ಯಾಟಿಗೆ ಒಪ್ಪಿಗೆ ಕೊಟ್ಟರಂತೂ ಒಳಗಿನದ್ದೂ ಹೋದ ಹಾಗೆಯೇ.

ಕೆಟ್ಟಿರುವುದು ಯಾವುದು ಎಂದು ಮೊದಲು ತಿಳಿಯಬೇಕು. ಎಷ್ಟೋ ಸಲ ಡಿಸ್ಕು ನೆಟ್ಟಗೆ ಇರುತ್ತದೆ, ಅದರಿಂದ ಕಂಪ್ಯೂಟರಿಗೆ ಬರುವ ದಾರಿ ಕೆಟ್ಟಿರುತ್ತದೆ. ಯುಎಸ್‌ಬಿ ವಯರ್ ಸಡಿಲ, ಪೋರ್ಟಿನಲ್ಲಿ ತುಕ್ಕು, ಬೇಕಾದಷ್ಟು ಕರೆಂಟು ಕೊಡದ ಹಬ್ಬು, ಇಲ್ಲವೇ ಕಂಪ್ಯೂಟರಿನ ರ‍್ಯಾಮಿನಲ್ಲೇ ದೋಷ. ಹಾಗಾಗಿ ವಯರ್ ಬದಲಿಸಿ ನೋಡುವುದು, ಬೇರೆ ಯಂತ್ರದಲ್ಲಿ ಹಾಕಿ ನೋಡುವುದು ಮೊದಲ ಕೆಲಸ. ಇದರಲ್ಲಿ ಖರ್ಚಿಲ್ಲ, ಅಪಾಯವೂ ಕಡಿಮೆ. ಜತೆಗೆ ಕಿವಿಗೊಟ್ಟು ಕೇಳಬೇಕು. ಟಕ್, ಟಕ್ ಎಂದು ಒಂದೇ ತಾಳದಲ್ಲಿ ಬಡಿಯುತ್ತಿದ್ದರೆ ತಲೆ ತನ್ನ ಜಾಗ ಹುಡುಕಲಾಗದೆ ಹಿಂದೆ ಮುಂದೆ ಹೋಗುತ್ತಿದೆ ಎಂದರ್ಥ. ಆ ಸದ್ದು ಕೇಳಿದ ಕ್ಷಣ ಕರೆಂಟು ತೆಗೆಯಬೇಕು. ಮುಂದಿನದ್ದು ಧೂಳಿಲ್ಲದ ಕೋಣೆಯಿರುವ ಪರಿಣತರ ಕೆಲಸ.

ಮಾಷ್ಟ್ರ ಡಿಸ್ಕಿನಲ್ಲಿ ಆ ಸದ್ದು ಇರಲಿಲ್ಲ. ವಯರ್ ಬದಲಿಸಿದರೂ ಫಲವಿರಲಿಲ್ಲ. ಹಾಗಾಗಿ ಡಿಸ್ಕು ತನ್ನ ಬಗ್ಗೆ ತಾನೇ ಇಟ್ಟುಕೊಂಡ ಲೆಕ್ಕವನ್ನು ತೆರೆದೆ. ಹೆಚ್ಚಿನವರಿಗೆ ಇದು ಗೊತ್ತೇ ಇಲ್ಲ: ಈಗಿನ ಪ್ರತಿ ಡಿಸ್ಕೂ ಸ್ಮಾರ್ಟ್ ಎಂಬ ಹೆಸರಿನಲ್ಲಿ ತನ್ನ ಆರೋಗ್ಯದ ದಾಖಲೆ ಬರೆದುಕೊಳ್ಳುತ್ತಿರುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ಯಾರು ಬೇಕಾದರೂ ಓದಬಹುದು. ಅದರಲ್ಲಿ 5 ಎಂಬ ಸಂಖ್ಯೆಯ ಸಾಲು, ಕೆಟ್ಟುಹೋಗಿ ಬದಲಿ ಜಾಗ ಕೊಟ್ಟ ಸೆಕ್ಟರುಗಳ, ಅಂದರೆ ತಟ್ಟೆಯ ಮೇಲಿನ ಸಣ್ಣ ತುಣುಕುಗಳ ಲೆಕ್ಕ. 197ರ ಸಾಲು, ಓದಲು ಆಗದೆ ತೀರ್ಮಾನಕ್ಕೆ ಕಾದು ಕೂತ ಸೆಕ್ಟರುಗಳದ್ದು. ಡಿಸ್ಕಿಗೂ ಅದನ್ನು ಜೋಡಿಸಿದ ಬೋರ್ಡಿಗೂ ನಡುವಿನ ದಾರಿಯಲ್ಲಿ ಆದ ತಪ್ಪು ಸಾಮಾನ್ಯವಾಗಿ 199ರಲ್ಲಿ ಕಾಣುತ್ತದೆ. ಈ ಡಿಸ್ಕಿನಲ್ಲಿ 199ರ ಲೆಕ್ಕ ಸೊನ್ನೆ, 197ರದ್ದು ನೂರಾರು. ಅಂದರೆ ದಾರಿ ಚೆನ್ನಾಗಿದೆ, ನೆಲವೇ ಕುಸಿಯುತ್ತಿದೆ.

ಆ 197ರ ಸಾಲಿನ ಗುಟ್ಟು ತಿಳಿದವರು ಅವಸರ ಮಾಡುವುದಿಲ್ಲ. ಓದಲು ಬಾರದ ಸೆಕ್ಟರನ್ನು ಡಿಸ್ಕು ತಾನಾಗಿ ಬಿಸಾಡುವುದಿಲ್ಲ; ಇನ್ನೊಮ್ಮೆ ಓದಿದರೆ ಸಿಕ್ಕೀತು ಎಂದು ಇಟ್ಟುಕೊಂಡಿರುತ್ತದೆ. ಅದರ ಮೇಲೆ ಹೊಸದಾಗಿ ಏನಾದರೂ ಬರೆದಾಗ ಮಾತ್ರ ಹಳೆಯದನ್ನು ಕೈಬಿಟ್ಟು, ಬೇಕಾದರೆ ಬದಲಿ ಜಾಗ ಕೊಡುತ್ತದೆ. ಆದ್ದರಿಂದ ಕೆಟ್ಟ ಡಿಸ್ಕನ್ನು ಪೂರ್ತಿ ಫಾರ್ಮ್ಯಾಟ್ ಮಾಡಿದರೆ 197ರ ಲೆಕ್ಕ ಇಳಿಯುತ್ತದೆ. ನೋಡುವವರಿಗೆ ಡಿಸ್ಕು ಗುಣವಾದಂತೆ ಕಾಣುತ್ತದೆ. ಅಂಗಡಿಯವರು "ಸರಿಯಾಯ್ತು" ಎಂದು ಕೈಗೆ ಕೊಡುತ್ತಾರೆ. ಲೆಕ್ಕ ಸರಿಯಾಗಿರುತ್ತದೆ, ಒಳಗಿದ್ದದ್ದು ಇರುವುದಿಲ್ಲ. ವಿಂಡೋಸಿನ ಚೆಕ್‌ಡಿಸ್ಕ್ ಕೂಡ ಇಂಥದ್ದೇ ಪರಿಸ್ಥಿತಿಯಲ್ಲಿ ಅಪಾಯಕಾರಿ. ಅದಕ್ಕೆ ಮುಖ್ಯ ಸೂಚಿ. ಸೂಚಿಗೆ ಹೊಂದದ್ದನ್ನು ಅದು ಕತ್ತರಿಸುತ್ತದೆ, ತುಂಡುಗಳನ್ನು ಹೆಸರಿಲ್ಲದ ಫೈಲುಗಳಾಗಿ ಒಂದು ಮೂಲೆಗೆ ಸೇರಿಸುತ್ತದೆ. ಆರೋಗ್ಯವಾಗಿರುವ ಡಿಸ್ಕಿನಲ್ಲಿ ಕರೆಂಟು ಹೋಗಿ ಸೂಚಿ ಮಾತ್ರ ಕಲಸಿದ್ದರೆ ಅದು ಒಳ್ಳೆಯ ಮದ್ದು. ಸಾಯುತ್ತಿರುವ ಡಿಸ್ಕಿಗೆ ಅದನ್ನು ಕೊಡಬಾರದು.

ಹಾಗಾದರೆ ಮಾಡುವುದೇನು? ಪ್ರತಿ. ಮೊದಲು ಪ್ರತಿ, ರಿಪೇರಿ ಏನಿದ್ದರೂ ಪ್ರತಿಯ ಮೇಲೆ. ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವಿದೆ; ಲಿನಕ್ಸ್ ಇರುವ ಪೆನ್‌ಡ್ರೈವಿನಿಂದ ಲ್ಯಾಪ್‌ಟಾಪನ್ನು ಶುರುಮಾಡಿ ಅದನ್ನು ಓಡಿಸಬಹುದು. ಅದರ ಕ್ರಮ ನನಗೆ ಬಹಳ ಮೆಚ್ಚುಗೆ. ಸುಲಭವಾಗಿ ಓದಲು ಬರುವ ಭಾಗವನ್ನೆಲ್ಲ ಅದು ಮೊದಲು ಎತ್ತಿಕೊಳ್ಳುತ್ತದೆ. ತಡೆದ ಜಾಗವನ್ನು ಹಾರಿ ಮುಂದೆ ಹೋಗುತ್ತದೆ, ಎಲ್ಲಿ ಹಾರಿದೆನೆಂದು ಒಂದು ನಕ್ಷೆಯಲ್ಲಿ ಗುರುತು ಹಾಕುತ್ತದೆ. ಒಳ್ಳೆಯದೆಲ್ಲ ಸೇರಿದ ಮೇಲೆ ಹಿಂದಿರುಗಿ ಕೆಟ್ಟ ಜಾಗದ ಅಂಚುಗಳನ್ನು ಸ್ವಲ್ಪ ಸ್ವಲ್ಪವೇ ಕೆರೆಯುತ್ತದೆ. ನಡುವೆ ನಿಲ್ಲಿಸಿದರೂ ನಕ್ಷೆ ಇರುವುದರಿಂದ ಬಿಟ್ಟಲ್ಲಿಂದ ಮುಂದುವರಿಸಬಹುದು. ಸಾಮಾನ್ಯ ಕಾಪಿ ಪೇಸ್ಟ್ ಮೊದಲ ಕೆಟ್ಟ ಸೆಕ್ಟರಿನ ಮುಂದೆಯೇ ಕೂತು ಮತ್ತೆ ಮತ್ತೆ ಓದಲು ಹೋಗಿ, ಉಳಿದ ಜೀವವನ್ನೂ ಅಲ್ಲೇ ಸವೆಸುತ್ತದೆ.

ಮಾಷ್ಟ್ರ ಜಗಲಿಯಲ್ಲಿ ಮೇಜು ಹಾಕಿ ಲ್ಯಾಪ್‌ಟಾಪ್ ಇಟ್ಟೆವು. ಮಳೆಗಾಲದಲ್ಲಿ ಇಂಥ ಕೆಲಸಕ್ಕೆ ಲ್ಯಾಪ್‌ಟಾಪೇ ಆಗಬೇಕು. ಇನ್ವರ್ಟರು ಹಿಡಿಯುವ ಆ ಒಂದು ಕ್ಷಣದ ನಡುವೆ ಮೇಜಿನ ಕಂಪ್ಯೂಟರ್ ಸತ್ತು ಹುಟ್ಟಿದರೆ ಕೆಲಸ ಕೆಟ್ಟಂತೆ. ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿಯುಂಟು. ಹೊರಗೆ ಮಳೆ ಹೊಯ್ಯುತ್ತಿತ್ತು. ಪರದೆಯ ಮೇಲೆ ಸಂಖ್ಯೆಗಳು ಸರಿಯುತ್ತಿದ್ದವು, ಒಮ್ಮೊಮ್ಮೆ ನಿಲ್ಲುತ್ತಿದ್ದವು. ನಿಂತಾಗಲೆಲ್ಲ ಮಾಷ್ಟ್ರು ಎದ್ದು ಬಂದು ನೋಡುತ್ತಿದ್ದರು. "ಫ್ರೀಜರಿನಲ್ಲಿ ಇಟ್ರೆ ಸರಿಯಾಗ್ತದೆ ಅಂತ ಯಾರೋ ಹೇಳಿದ್ರು" ಎಂದರು. ನಾನು ಬೇಡವೇ ಬೇಡ ಎಂದೆ. ಫ್ರೀಜರಿನಿಂದ ತೆಗೆದ ಲೋಟದ ಮೇಲೆ ನಮ್ಮೂರಿನಲ್ಲಿ ಎಷ್ಟು ಬೇಗ ನೀರು ಕಟ್ಟುತ್ತದೆಂದು ಎಲ್ಲರೂ ನೋಡಿದವರೇ. ಅದೇ ನೀರು ತಿರುಗುವ ತಟ್ಟೆಯ ಮೇಲೆ ಕಟ್ಟಿದರೆ ತಲೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಡಿಸ್ಕಿನ ಮುಚ್ಚಳ ಬಿಚ್ಚಿ ನೋಡುವುದೂ ಹಾಗೆಯೇ. ಆ ಸಂದಿಯಲ್ಲಿ ಒಂದು ಧೂಳಿನ ಕಣವೂ ದೊಡ್ಡ ಬಂಡೆ.

ಪ್ರತಿ ಮುಗಿದಾಗ ಬಹುಪಾಲು ಬಂದಿತ್ತು, ಎಲ್ಲವೂ ಬಂದಿರಲಿಲ್ಲ. ಸೂಚಿ ಹಾಳಾದ ಭಾಗಕ್ಕೆ ಟೆಸ್ಟ್‌ಡಿಸ್ಕ್, ಫೋಟೋರೆಕ್ ಎಂಬ ಜೋಡಿ ತಂತ್ರಾಂಶಗಳನ್ನು ಪ್ರತಿಯ ಮೇಲೆ ಓಡಿಸಿದೆವು. ಫೋಟೋರೆಕ್ ಸೂಚಿಯನ್ನು ನೋಡುವುದೇ ಇಲ್ಲ. ಹೆಚ್ಚಿನ ಬಗೆಯ ಫೈಲುಗಳಿಗೆ ಶುರುವಿನಲ್ಲಿ ಅವುಗಳದ್ದೇ ಆದ ಗುರುತಿರುತ್ತದೆ, ಚಿತ್ರಕ್ಕೆ ಒಂದು, ಧ್ವನಿಗೆ ಇನ್ನೊಂದು. ಆ ಗುರುತುಗಳನ್ನು ಹುಡುಕುತ್ತಾ ಡಿಸ್ಕಿನ ಈ ತುದಿಯಿಂದ ಆ ತುದಿಗೆ ನಡೆಯುತ್ತದೆ. ಸಿಕ್ಕಿದ್ದಕ್ಕೆ ಹೆಸರಿರುವುದಿಲ್ಲ. ಹೆಸರು ಕೊಡಲು ಕೇಳಿ ಗುರುತಿಸುವ ಮನುಷ್ಯ ಬೇಕು. ಮಾಷ್ಟ್ರು ಭಾಗವತರ ಒಂದು ಆಲಾಪ ಕೇಳಿದರೆ ಸಾಕು, ಯಾವ ಊರು, ಯಾವ ಪ್ರಸಂಗ, ಚೆಂಡೆಗೆ ಯಾರು ಕೂತಿದ್ದರು ಎಂದು ಹೇಳುತ್ತಿದ್ದರು. ಈ ಕೆಲಸ ಇನ್ನೊಂದು ಇಪ್ಪತ್ತು ವರ್ಷ ತಡವಾಗಿದ್ದರೆ ಯಾರು ಹೇಳುತ್ತಿದ್ದರು?

ಒಂದು ಸೆಕ್ಟರಿನ ಬೆಲೆ ಎಷ್ಟೆಂದು ನನಗೆ ಆಗ ತಿಳಿಯಿತು. ಈಗಿನ ಡಿಸ್ಕುಗಳಲ್ಲಿ ಒಂದು ಸೆಕ್ಟರೆಂದರೆ 4096 ಬೈಟು. ಸಿಡಿಯ ಗುಣಮಟ್ಟದ ವೇವ್ ಫೈಲಿನಲ್ಲಿ ಒಂದು ಸೆಕೆಂಡಿಗೆ 1,76,400 ಬೈಟು ಬೇಕು. ಹಾಗಾಗಿ ಒಂದು ಸೆಕ್ಟರು ಹೋದರೆ ಸೆಕೆಂಡಿನ 43ರಲ್ಲಿ ಒಂದು ಪಾಲು ಹೋಯಿತು. ಕಿವಿಗೆ ಚಿಟ್ ಎಂದಷ್ಟೇ ಕೇಳೀತು. ಅದೇ ಧ್ವನಿಯನ್ನು ಜಾಗ ಉಳಿಸಲೆಂದು 128 ಕೆಬಿಪಿಎಸ್ ಎಂಪಿ3 ಮಾಡಿದ್ದರೆ ಒಂದು ಸೆಕ್ಟರಿಗೆ ಕಾಲು ಸೆಕೆಂಡು. ಕಾಲು ಸೆಕೆಂಡಿನಲ್ಲಿ ಒಂದು "ಅಲ್ಲ" ಹೋಗಬಹುದು. ವಾಲಿವಧೆಯ ಕೂಟದಲ್ಲಿ, ಬಾಣ ತಿಂದು ಬಿದ್ದ ವಾಲಿ ರಾಮನ ಧರ್ಮವನ್ನು ಪ್ರಶ್ನಿಸುವ ಹೊತ್ತಿನಲ್ಲಿ, ಅಂಥ ಒಂದು ಮಾತು ಹೋದರೆ ವಾದವೇ ತಿರುಗಿ ನಿಲ್ಲುತ್ತದೆ. ಸಂಗ್ರಹಕ್ಕೆಂದು ಇಡುವ ಧ್ವನಿಯನ್ನು ಒತ್ತಿ ಸಣ್ಣದು ಮಾಡಬಾರದು ಎಂದು ನಾನು ಹೇಳುವುದು ಇದಕ್ಕೇ. ಒತ್ತಿದಷ್ಟೂ ಒಂದೊಂದು ಸೆಕ್ಟರಿನ ಮೇಲೆ ಭಾರ ಹೆಚ್ಚು.

ತಾಳಮದ್ದಳೆಯ ವಿಷಯದಲ್ಲಿ ಈ ನಷ್ಟಕ್ಕೆ ಬೇರೆಯೇ ತೂಕ. ವೇಷವಿಲ್ಲ, ಬರೆದಿಟ್ಟ ಮಾತಿಲ್ಲ. ಪದ್ಯ ಮಾತ್ರ ಪ್ರಸಂಗದ್ದು. ಅರ್ಥಧಾರಿ ಆ ರಾತ್ರಿ ಎದುರಿಗೆ ಕೂತವರ ಮಾತು ನೋಡಿಕೊಂಡು ಅಲ್ಲೇ ಕಟ್ಟುವುದು ಅರ್ಥ. ಶೇಣಿಯವರು 2006ರಲ್ಲಿ ತೀರಿಕೊಂಡರು. ಅವರು ಒಂದು ರಾತ್ರಿ ಹೇಳಿದ ಮಾತನ್ನು ಅದೇ ಪ್ರಸಂಗದಲ್ಲಿ ಇನ್ನೊಂದು ರಾತ್ರಿ ಹಾಗೆಯೇ ಹೇಳಿದ್ದಿಲ್ಲ. ಸಿನಿಮಾ ಹಾಡು ಒಬ್ಬರ ಡಿಸ್ಕಿನಲ್ಲಿ ಹೋದರೆ ಸಾವಿರ ಕಡೆ ಸಿಗುತ್ತದೆ. ಈ ಮಾತುಗಳು ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ ಇದ್ದವು, ಆಮೇಲೆ ಒಂದು ಡಿಸ್ಕಿನಲ್ಲಿ ಮಾತ್ರ.

ಪ್ರತಿಯಲ್ಲಿ ಒಂದು ವರ್ಡ್ ಫೈಲೂ ಸಿಕ್ಕಿತು. ತೆರೆದರೆ ಬರೀ ಕೊಂಬು, ತಲೆಕಟ್ಟು, ಪೌಂಡಿನ ಚಿಹ್ನೆ, ಯಾವುದೋ ಯುರೋಪಿನ ಅಕ್ಷರಗಳು. "ಇದು ಪೂರಾ ಹೋಗಿದೆ" ಎಂದು ಸಂಬಂಧಿ ಹುಡುಗ ಅಳಿಸಲು ಹೊರಟಿದ್ದ. ಅದು ಹೋಗಿರಲಿಲ್ಲ. ಹಿಂದೆ ನುಡಿಯೋ ಬರಹವೋ ಎಂಬ ಕನ್ನಡ ತಂತ್ರಾಂಶದಲ್ಲಿ ಹಳೆಯ ಫಾಂಟ್ ಹಾಕಿ ಕೀಲಿಸಿದ ಕೂಟಗಳ ಪಟ್ಟಿ ಅದು. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಫಾಂಟ್ ಇಲ್ಲದ ಯಂತ್ರದಲ್ಲಿ ತುಂಡುಗಳ ಹಿಂದಿನ ಇಂಗ್ಲಿಷ್ ಚಿಹ್ನೆಗಳು ಎದ್ದು ಕಾಣುತ್ತವೆ. ಯೂನಿಕೋಡಿಗೆ ತಿರುಗಿಸುವ ಪರಿವರ್ತಕದಲ್ಲಿ ಹಾಕಿದೊಡನೆ ಪ್ರಸಂಗದ ಹೆಸರು, ಊರು, ಅರ್ಥಧಾರಿಗಳು, ಎಲ್ಲ ಸಾಲಾಗಿ ಬಂತು. ಕನ್ನಡಕ್ಕೆ ಕೀಲಿಮಣೆಯ ವಿನ್ಯಾಸ ಕಟ್ಟಿದ ಕೆ.ಪಿ. ರಾಯರು ಇದೇ ಜಿಲ್ಲೆಯ ಕಿನ್ನಿಕಂಬಳದವರು. ತಮ್ಮ ಕನ್ನಡ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟವರು. ಅವರ ಕೆಲಸದ ಮೇಲೆ ಬೆಳೆದ ಕನ್ನಡದ ಬರವಣಿಗೆ ರಾಶಿರಾಶಿಯಾಗಿ ಹಳೆಯ ಫಾಂಟುಗಳಲ್ಲೇ ಉಳಿದಿದೆ. ಊರ ಸಂಘಗಳ ಸ್ಮರಣ ಸಂಚಿಕೆ, ಶಾಲೆಯ ಶತಮಾನೋತ್ಸವದ ಪುಸ್ತಕ, ಲೇಖಕರ ಹಸ್ತಪ್ರತಿ. ಡಿಸ್ಕು ಗಟ್ಟಿಮುಟ್ಟಾಗಿದ್ದರೂ ಓದುವವರು ಕೆಟ್ಟದ್ದೆಂದು ತಿಳಿದು ಅಳಿಸಿಬಿಡುವ ಭಯ ಇದಕ್ಕೆ ಹೆಚ್ಚು. ದಯವಿಟ್ಟು ಅಳಿಸಬೇಡಿ.

ಇನ್ನೊಂದು ಬಗೆಯ ಕೇಡು ಎಲ್ಲಕ್ಕಿಂತ ಮೋಸದ್ದು. ಡಿಸ್ಕು ಓದುವಾಗ ಸಣ್ಣಪುಟ್ಟ ತಪ್ಪು ಸದಾ ಆಗುತ್ತಲೇ ಇರುತ್ತದೆ, ಅದು ತನ್ನಷ್ಟಕ್ಕೆ ತಿದ್ದಿಕೊಳ್ಳುತ್ತಲೂ ಇರುತ್ತದೆ. ಇದಕ್ಕೆ ದಾರಿ ತೋರಿಸಿದವರು ಅಮೆರಿಕದ ಬೆಲ್ ಪ್ರಯೋಗಶಾಲೆಯ ರಿಚರ್ಡ್ ಹ್ಯಾಮಿಂಗ್. ವಾರಾಂತ್ಯದಲ್ಲಿ ಯಂತ್ರಕ್ಕೆ ಲೆಕ್ಕ ಕೊಟ್ಟು ಹೋದರೆ ಸೋಮವಾರ ಬರುವಾಗ ಅದು ತಪ್ಪು ಕಂಡು ಲೆಕ್ಕವನ್ನೇ ಬಿಟ್ಟಿರುತ್ತಿತ್ತು. ತಪ್ಪಿದೆಯೆಂದು ತಿಳಿಯುವ ಯಂತ್ರಕ್ಕೆ ತಪ್ಪು ಎಲ್ಲಿದೆಯೆಂದು ತಿಳಿದು ತಿದ್ದಲು ಯಾಕಾಗಬಾರದು ಎಂದು ಯೋಚಿಸಿ 1950ರಲ್ಲಿ ಅವರು ತಿದ್ದುವ ಸಂಕೇತವನ್ನು ಪ್ರಕಟಿಸಿದರು. ಆ ಪರಂಪರೆಯಿಂದಲೇ ಡಿಸ್ಕು ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತದೆ, ಸುಳ್ಳು ಹೇಳುವುದು ಅಪರೂಪ. ಆದರೆ ರ‍್ಯಾಮಿನಲ್ಲಿ ಒಂದು ಬಿಟ್ ಮಗುಚಿಕೊಂಡರೆ ತಪ್ಪನ್ನೇ ಡಿಸ್ಕು ಶ್ರದ್ಧೆಯಿಂದ ಬರೆದಿಡುತ್ತದೆ. ಜಿನೀವಾ ಬಳಿಯ ಸರ್ನ್ ಸಂಸ್ಥೆಯವರು 2007ರಲ್ಲಿ ತಮ್ಮ ಯಂತ್ರಗಳಲ್ಲಿ ಇಂಥ ಸದ್ದಿಲ್ಲದ ಕೇಡನ್ನು ಹುಡುಕಿ ಕಂಡುಕೊಂಡಿದ್ದರು. ಇದನ್ನು ಹಿಡಿಯಲು ಒಂದು ಉಪಾಯ: ಒಂದೇ ದೊಡ್ಡ ಫೈಲನ್ನು ಹಲವು ಸಲ ಪ್ರತಿ ಮಾಡಿ, ಒಂದೊಂದನ್ನೂ ಮೂಲದೊಂದಿಗೆ ಹೋಲಿಸಿ. ಪ್ರತಿ ಸಲವೂ ವ್ಯತ್ಯಾಸ ಬೇರೆ ಬೇರೆ ಜಾಗದಲ್ಲಿ ಬಂದರೆ ರ‍್ಯಾಮನ್ನೋ ವಯರನ್ನೋ ಶಂಕಿಸಬೇಕು. ತಪ್ಪು ಒಂದೇ ಜಾಗದಲ್ಲಿ ನಿಂತಿದ್ದರೆ ಡಿಸ್ಕನ್ನು. ರ‍್ಯಾಮಿಗೆ ಮೆಮ್‌ಟೆಸ್ಟ್ ಇದೆ, ಒಂದು ರಾತ್ರಿ ಓಡಿಸಿಬಿಟ್ಟರೆ ಸಾಮಾನ್ಯವಾಗಿ ಬಾಯಿಬಿಡುತ್ತದೆ.

ಮಾಷ್ಟ್ರ ಮನೆಗೆ ಇಂದಿಗೂ ಹಂಚಿನ ಮಾಡು. ಬಾಸೆಲ್ ಮಿಶನ್ನಿನವರು 1865ರಲ್ಲಿ ಶುರುಮಾಡಿದ ಹಂಚಿನ ಕಾರ್ಖಾನೆ ನಮ್ಮ ಜೆಪ್ಪುವಿನದ್ದೇ. ಹಂಚಿನ ಮನೆಯವರು ಮಳೆಗೆ ಮುಂಚೆ ಜನ ಕರೆಸಿ ಮಾಡು ಹತ್ತಿಸುತ್ತಾರೆ. ಒಂದೊಂದೇ ಹಂಚು ಎತ್ತಿ ಕೈಯಾಡಿಸಿ, ಬಿರಿದದ್ದನ್ನು ತೆಗೆದು ಬೇರೆ ಇಡುತ್ತಾರೆ. ಸೋರುವವರೆಗೆ ಕಾಯುವುದಿಲ್ಲ. ಡಿಸ್ಕಿಗೂ ಬೇಕಾದದ್ದು ಇಷ್ಟೇ: ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ಪೂರ್ತಿ ಓದಿಸಿ ನೋಡುವುದು. ಪ್ರತಿ ಫೈಲಿಗೂ ಶಾ-256 ಎಂಬ ಲೆಕ್ಕದಿಂದ ಒಂದು ಬೆರಳಚ್ಚು ತೆಗೆದಿಟ್ಟುಕೊಂಡರೆ, ಮರುವರ್ಷ ಅದನ್ನು ಹೋಲಿಸಿದಾಗ ಒಂದು ಬಿಟ್ ಬದಲಾಗಿದ್ದರೂ ಗೊತ್ತಾಗುತ್ತದೆ. ಎರಡು ಪ್ರತಿ ಇದ್ದರೆ ಒಂದರಲ್ಲಿ ಕೆಟ್ಟದ್ದನ್ನು ಇನ್ನೊಂದರಿಂದ ತುಂಬಬಹುದು. ಒಂದೇ ಪ್ರತಿ ಇದ್ದರೆ ಕೆಟ್ಟಿತೆಂದು ತಿಳಿಯಬಹುದು, ಅಷ್ಟೆ.

ಮಾಷ್ಟ್ರ ಸಂಗ್ರಹದ ವಾಲಿವಧೆಯ ಕೂಟದಲ್ಲಿ, ಪ್ರತಿ ಮಾಡುವಾಗ ಓದಲು ಬಾರದೆ ಉಳಿದ ಭಾಗ ಇಂದಿಗೂ ಬಂದಿಲ್ಲ. ಮೂಲ ಕ್ಯಾಸೆಟ್ಟು ಇದ್ದಿದ್ದರೆ ಮತ್ತೆ ಇಳಿಸಬಹುದಿತ್ತು. ಬೂಷ್ಟು ಹಿಡಿದ ಕ್ಯಾಸೆಟ್ಟಿನಲ್ಲಿ ಧ್ವನಿ ಮಂಕಾಗುತ್ತದೆ, ಸುಯ್ ಎನ್ನುತ್ತದೆ, ಆದರೂ ಮಾತು ಕೇಳುತ್ತದೆ. ಡಿಸ್ಕಿಗೆ ತುಂಬಿಯಾಯಿತಲ್ಲ ಎಂದು ಮನೆಯವರು ಅವನ್ನೆಲ್ಲ ಗುಜರಿಗೆ ಹಾಕಿಯಾಗಿತ್ತು. ಇಂಥ ಸಂಗ್ರಹ ಕರಾವಳಿಯಲ್ಲಿ ಎಷ್ಟೋ ಮನೆಗಳ ಕಪಾಟಿನಲ್ಲಿ ಉಂಟು. ನಿಮ್ಮ ಮನೆಯಲ್ಲಿ ಇದ್ದರೆ ಕ್ಯಾಸೆಟ್ಟನ್ನು ಎಸೆಯಬೇಡಿ. ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವುದರೊಳಗೆ ಇನ್ನೊಂದು ಡಿಸ್ಕು ತಂದು ಪ್ರತಿ ಮಾಡಿ, ಆ ಪ್ರತಿಯನ್ನು ನಿಮ್ಮ ಮನೆಯಲ್ಲಿ ಇಡದೆ ಬೇರೆ ಊರಿನಲ್ಲಿರುವ ನಿಮ್ಮವರ ಮನೆಗೆ ಕಳಿಸಿಕೊಡಿ.